ಹಳೇ ಕಾರಿಗೆ ಹೊಸ ಕಾವಲು: ಕಳ್ಳನ ಟೈಮ್ ತಿನ್ನುವ 13 ಸೂತ್ರಗಳು

ಪ್ರಮೋಷನ್ ಬಂತು, ಬೋನಸ್ ಬಂತು, ಸಾಲ ಮಾಡದೆ ಒಂದು ಪ್ರೀಮಿಯರ್ ಪದ್ಮಿನಿ ಕೊಂಡಿರಿ. ಶಹಬ್ಬಾಸ್! ಟಿಂಕರಿಂಗ್ ಮಾಡಿಸಿದಿರಿ, ಪೇಂಟ್ ಹೊಡೆಸಿದಿರಿ, ಬಂಪರ್‌ಗೆ ಹೊಸ ಕ್ರೋಮ್ ಹಾಕಿಸಿದಿರಿ. ಈಗ ಅದು ರಾತ್ರಿಯಿಡೀ ಬಾಡಿಗೆ ಮನೆಯ ಮುಂದೆ ರಸ್ತೆಯಲ್ಲಿ ನಿಂತಿದೆ. ಕಾವಲಿಗಿರುವುದು ಕಾರಿನಷ್ಟೇ ವಯಸ್ಸಾದ, ಸವೆದುಹೋದ ಒಂದು ಬೀಗ.

ಕಳ್ಳನ ಬಂಡವಾಳ ಏನು? ಯಾರೂ ನೋಡದ ಕೆಲವು ನಿಮಿಷ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಅವನು ಜಾಗ ಖಾಲಿ ಮಾಡುತ್ತಾನೆ. ಒಡೆಯಲಾಗದ ಬೀಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನಿಜ. ಆದರೆ ಒಂದೊಂದು ಬೀಗವೂ ಅವನ ಒಂದಿಷ್ಟು ನಿಮಿಷ ತಿನ್ನುತ್ತದೆ. ನಾಲ್ಕು ಕಡೆಯಿಂದ ತಿನ್ನಿದರೆ ಅವನ ಲೆಕ್ಕ ತಪ್ಪುತ್ತದೆ. ಕೆಳಗಿನ ಸೂತ್ರಗಳೆಲ್ಲ ಅದಕ್ಕಾಗಿಯೇ.

1. "ಈ ಡಬ್ಬಾನ ಯಾರು ಕದೀತಾರೆ?" ಅನ್ನುವುದನ್ನು ಇವತ್ತೇ ಬಿಡಿ

ಇದು ವಿನಯ ಅಲ್ಲ, ಸೋಮಾರಿತನ. ಕಾಂಟೆಸ್ಸಾ ತಯಾರಿಕೆ 2002ರಲ್ಲಿ ನಿಂತಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಒರಿಜಿನಲ್ ಗ್ರಿಲ್, ಟೇಲ್ ಲ್ಯಾಂಪ್ ಗ್ಲಾಸ್, ವೀಲ್ ಕಪ್, ಬ್ಯಾಡ್ಜ್ ಯಾವುದೂ ಇನ್ನು ಫ್ಯಾಕ್ಟರಿಯಿಂದ ಬರುವುದಿಲ್ಲ. ಹಾಗಾಗಿ ನಿಮ್ಮ ಕಾರಿಗೆ ಗಿರಾಕಿ ಹುಡುಕುವ ಕಷ್ಟವೇ ಕಳ್ಳನಿಗಿಲ್ಲ. ಬಿಚ್ಚಿ, ಮೂಟೆ ಕಟ್ಟಿ, ಒಂದೊಂದಾಗಿ ಮಾರಿದರೆ ಸಾಕು. ನಂಬಿಕೆ ಬರದಿದ್ದರೆ ಯಮಹಾ ಆರ್‌ಎಕ್ಸ್ 100 ನೋಡಿ. 1996ಕ್ಕೇ ನಿಂತುಹೋದ 98 ಸಿಸಿ ಬೈಕು ಅದು. ಇವತ್ತು ಚೆನ್ನಾಗಿರುವ ಒಂದು ಗಾಡಿಗೆ ಆಗಿನ ಶೋರೂಮ್ ಬೆಲೆಯ ಹಲವು ಪಟ್ಟು ಕೇಳುತ್ತಾರೆ. ರಾತ್ರಿ ಅದನ್ನು ಬೀದಿಯಲ್ಲಿ ಬಿಡುವ ಧೈರ್ಯ ಅದರ ಮಾಲೀಕರಿಗಿಲ್ಲ. ನಿಮಗೂ ಬೇಡ.

2. ಕಳ್ಳನ ಕಣ್ಣಿನಲ್ಲಿ ನಿಮ್ಮ ಕಾರನ್ನು ಒಂದು ಸುತ್ತು ಹಾಕಿ

ಕೈಯಲ್ಲಿ ನೋಟ್‌ಬುಕ್ ಇರಲಿ. ಮುಂದಿನ ಬಾಗಿಲಿನ ತ್ರಿಕೋನ ಗ್ಲಾಸ್ ಬಿಗಿಯಾಗಿದೆಯಾ? ಡಿಕ್ಕಿ ಬೀಗ ಹಿಡಿಯುತ್ತದಾ? ಬಾನೆಟ್ ಹೊರಗಿನಿಂದಲೇ ಎತ್ತಲು ಬರುತ್ತದಾ? ಹಳೇ ಲಾಕ್‌ಗಳು ಸವೆದಿರುತ್ತವೆ, ಪಕ್ಕದ ಕಾರಿನ ಕೀಲಿಗೂ ತಿರುಗುವುದುಂಟು. ಗೆಳೆಯನ ಕೀಲಿ ತಂದು ನಿಮ್ಮ ಬಾಗಿಲಿಗೆ ಹಾಕಿ ನೋಡಿ, ತಮಾಷೆಗಲ್ಲ. ತಿರುಗಿತು ಅಂದರೆ ಲಾಕ್ ಸೆಟ್ ಬದಲಾಯಿಸಿ.

ದೊಡ್ಡ ಕೊರತೆ ಒಳಗಿದೆ. ನಿಮ್ಮ ಕಾರಿಗೆ ಇಮೊಬಿಲೈಸರ್ ಇಲ್ಲ. ಕೀಲಿಯೊಳಗಿನ ಚಿಪ್ ಸರಿಯಾದ ಕೋಡ್ ಹೇಳದೆ ಎಂಜಿನ್ ಏಳಬಾರದು ಎಂಬ ಆ ವ್ಯವಸ್ಥೆಯನ್ನು ಯುರೋಪಿಯನ್ ಯೂನಿಯನ್ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದೇ 1998ರಲ್ಲಿ. ಪದ್ಮಿನಿ ಹುಟ್ಟಿದ ಕಾಲದಲ್ಲಿ ಅದರ ಕಲ್ಪನೆಯೂ ಇರಲಿಲ್ಲ. ಇಲ್ಲಿ ಕೀಲಿ ಎಂದರೆ ಬ್ಯಾಟರಿಗೂ ಇಗ್ನಿಷನ್ ಕಾಯಿಲ್‌ಗೂ ನಡುವಿನ ಒಂದು ಸಾದಾ ಸ್ವಿಚ್, ಅಷ್ಟೇ. ಸ್ವಿಚ್ ಅನ್ನು ತಪ್ಪಿಸಿ ಕರೆಂಟ್ ಹರಿಸುವುದು ಕಷ್ಟದ ಕೆಲಸವಲ್ಲ.

3. ಕರೆಂಟ್ ಕತ್ತರಿಸಿ, ಅದೂ ಎರಡು ಕಡೆ

ಈ ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಮೊದಲನೆಯದು ಬ್ಯಾಟರಿ ಕಟ್-ಆಫ್ ಸ್ವಿಚ್. ಬ್ಯಾಟರಿ ಟರ್ಮಿನಲ್ ಹತ್ತಿರ ಕೂರುತ್ತದೆ, ತಿರುಗಿಸಿದರೆ ಇಡೀ ಕಾರಿಗೆ ಕರೆಂಟ್ ಇಲ್ಲ. ಇದಕ್ಕೊಂದು ಬೋನಸ್ ಲಾಭವಿದೆ. ಹಳೇ ವೈರಿಂಗ್‌ನ ಇನ್ಸುಲೇಷನ್ ಒಣಗಿ ಬಿರಿದಿರುತ್ತದೆ. ನಿಂತ ಕಾರಿನಲ್ಲಿ ಶಾರ್ಟ್ ಆಗಿ ಬೆಂಕಿ ಹತ್ತುವ ಭಯವೂ ಇದರಿಂದ ಕಡಿಮೆ.

ಎರಡನೆಯದು ಬಚ್ಚಿಟ್ಟ ಕಿಲ್ ಸ್ವಿಚ್. ಇದನ್ನು ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರ್‌ಗೆ ಹಾಕಿಸಿ. ಸ್ಟಾರ್ಟರ್ ವೈರ್‌ಗೆ ಮಾತ್ರ ಹಾಕಿಸಿದರೆ ಸಾಲದು. ಯಾಕೆ? ಹಳೇ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಇಳಿಜಾರು ಸಿಕ್ಕರೆ ಒಬ್ಬನೇ ಮಾಡಬಹುದು. ಕಾಯಿಲ್‌ಗೇ ಕರೆಂಟ್ ಇಲ್ಲದಿದ್ದರೆ ಎಷ್ಟು ತಳ್ಳಿದರೂ ಪ್ಲಗ್‌ನಲ್ಲಿ ಕಿಡಿ ಬರುವುದಿಲ್ಲ. ಸ್ವಿಚ್ ಅನ್ನು ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್ ಪಕ್ಕ ಇಡಬೇಡಿ. ಎಲ್ಲರೂ ಅಲ್ಲೇ ಇಡುತ್ತಾರೆ, ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಕೂತಲ್ಲಿಂದ ನಿಮಗೆ ಎಟುಕಬೇಕು, ಬಗ್ಗಿ ನೋಡಿದವನಿಗೆ ಕಾಣಬಾರದು. ಸರಿಯಾದ ದಪ್ಪದ ವೈರ್ ಹಾಕಿಸಿ, ಅಗ್ಗದ ಸ್ವಿಚ್ ಬೇಡ. ನಡುರಸ್ತೆಯಲ್ಲಿ ಅದೇ ಕೈಕೊಟ್ಟರೆ ಕಳ್ಳನ ಬದಲು ನೀವು ಸಿಕ್ಕಿಹಾಕಿಕೊಳ್ಳುತ್ತೀರಿ.

ಸ್ವಿಚ್ ಎಲ್ಲಿದೆ ಎಂದು ಗೆಳೆಯರಿಗೆ ತೋರಿಸಿ ಮೆರೆಯುವ ಚಪಲವನ್ನು ತಡೆದುಕೊಳ್ಳಿ. ಎಲೆಕ್ಟ್ರಿಷಿಯನ್‌ಗೆ ಗೊತ್ತು, ನಿಮಗೆ ಗೊತ್ತು, ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಅಲ್ಲಿಗೆ ನಿಲ್ಲಿಸಿ.

"ನನಗೆ ವೈರಿಂಗ್ ಅರ್ಥವಾಗಲ್ಲ" ಎನ್ನುತ್ತೀರಾ? ಹಾಗಾದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯುವುದನ್ನು ಮೆಕ್ಯಾನಿಕ್‌ನಿಂದ ಕಲಿಯಿರಿ. ಅದರೊಳಗೆ ರೋಟರ್ ಎಂಬ ಹೆಬ್ಬೆರಳಿನಷ್ಟು ತುಂಡೊಂದಿದೆ. ವಾರಗಟ್ಟಲೆ ಕಾರು ನಿಲ್ಲಿಸುವಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ. ಅದಿಲ್ಲದೆ ಪೆಟ್ರೋಲ್ ಎಂಜಿನ್ ಏಳುವುದಿಲ್ಲ. 1940ರಲ್ಲಿ ಜರ್ಮನ್ ಸೈನ್ಯ ಬಂದಿಳಿಯುವ ಭಯದಲ್ಲಿ ಬ್ರಿಟನ್ ಸರ್ಕಾರ, ನಿಲ್ಲಿಸಿಹೋದ ಕಾರನ್ನು ಓಡದಂತೆ ಮಾಡಿಯೇ ಹೋಗಬೇಕೆಂದು ಆದೇಶ ಹೊರಡಿಸಿತ್ತು. ಆಗ ಜನ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದದ್ದು ಈ ತುಂಡನ್ನೇ.

4. ಡೀಸೆಲ್ ಗಾಡಿಯವರು ಇಲ್ಲಿ ನಿಲ್ಲಿ

ಡೀಸೆಲ್ ಅಂಬಾಸಿಡರ್‌ಗೆ ಮೂರನೇ ಸೂತ್ರದ ಅರ್ಧ ಲಾಗುವಾಗುವುದಿಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಡ. ಇಂಧನ ಹೋದರೆ ಓಡುತ್ತದೆ, ನಿಂತರೆ ನಿಲ್ಲುತ್ತದೆ. ಹಾಗಾಗಿ ಫ್ಯೂಯೆಲ್ ಲೈನ್‌ನಲ್ಲಿ ಒಂದು ಕಾಕ್ ಅಥವಾ ಕಟ್-ಆಫ್ ವಾಲ್ವ್ ಹಾಕಿಸಿ.

ಪೆಟ್ರೋಲ್ ಕಾರಿಗೂ ಇದನ್ನು ಎರಡನೇ ಕೋಟೆಯಾಗಿ ಹಾಕಿಸಬಹುದು. ಆದರೆ ಒಂದು ಮಾತು: ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್‌ನಿಂದ ಎಂಜಿನ್ ಸ್ವಲ್ಪ ಹೊತ್ತು ಓಡಿ ಆಮೇಲೆ ನಿಲ್ಲುತ್ತದೆ. ಕಳ್ಳ ನಿಮ್ಮ ಕಾರನ್ನು ಮುಂದಿನ ಸರ್ಕಲ್‌ನಲ್ಲಿ ಬಿಟ್ಟು ಓಡುತ್ತಾನೆ. ಕಾರು ಉಳಿಯುತ್ತದೆ, ಬಂಪರ್‌ಗೆ ಗ್ಯಾರಂಟಿ ಇಲ್ಲ.

5. ಒಂದು ಬೀಗವಾದರೂ ಕಣ್ಣಿಗೆ ಹೊಡೆಯಲಿ

ಬಚ್ಚಿಟ್ಟ ಸ್ವಿಚ್ ಕೆಲಸ ಮಾಡುವುದು ಕಳ್ಳ ಗ್ಲಾಸ್ ಒಡೆದು ಒಳಗೆ ಬಂದ ಮೇಲೆ. ಆ ಒರಿಜಿನಲ್ ಗ್ಲಾಸ್ ಎಲ್ಲಿಂದ ತರುತ್ತೀರಿ? ಅವನು ಹೊರಗಿನಿಂದಲೇ ವಾಪಸ್ ಹೋಗಬೇಕು. ಅದಕ್ಕೆ ಕೆಂಪು ಅಥವಾ ಹಳದಿ ಬಣ್ಣದ ದಪ್ಪ ಸ್ಟೀರಿಂಗ್ ಲಾಕ್ ಹಾಕಿ. ಕಾರಿನ ಅಂದ ಕೆಡುತ್ತದೆಯಾ? ರಾತ್ರಿ ಮಾತ್ರ ಕೆಡಲಿ.

ಗೇರ್ ಲಾಕ್ ಕೊಳ್ಳುವ ಮುನ್ನ ನಿಮ್ಮ ಗೇರ್ ಎಲ್ಲಿದೆ ನೋಡಿ. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಇರುವ ಹಳೇ ಫಿಯಟ್, ಅಂಬಾಸಿಡರ್‌ಗಳಿಗೆ ಈಗಿನ ಕಾರಿನ ಗೇರ್ ಲಾಕ್ ಕೂರುವುದಿಲ್ಲ. ಕ್ಲಚ್ ಪೆಡಲ್ ಲಾಕ್ ಕೇಳಿ. ತಿಂಗಳುಗಟ್ಟಲೆ ನಿಲ್ಲಿಸುವವರು ವೀಲ್ ಕ್ಲಾಂಪ್ ತಗೊಳ್ಳಿ.

6. ಸ್ಟಾರ್ಟ್ ಮಾಡದೆಯೇ ಕದಿಯುತ್ತಾರೆ, ಅದಕ್ಕೂ ರೆಡಿಯಾಗಿ

ಹಳೇ ಕಾರು ಕೆಟ್ಟು ನಿಲ್ಲುವುದು ಜನರಿಗೆ ಮಾಮೂಲಿ ದೃಶ್ಯ. ಹಗಲು ಹೊತ್ತಿನಲ್ಲಿ ಟೋಯಿಂಗ್ ಗಾಡಿ ಬಂದು ನಿಮ್ಮ ಕಾಂಟೆಸ್ಸಾ ಎತ್ತಿಕೊಂಡು ಹೋದರೆ ಬೀದಿಯವರೆಲ್ಲ "ಪಾಪ, ಗ್ಯಾರೇಜ್‌ಗೆ ಹೋಗ್ತಿದೆ" ಅಂದುಕೊಳ್ಳುತ್ತಾರೆ. ಕೆಲವರು ತಳ್ಳಲು ಕೈಜೋಡಿಸಿದರೂ ಆಶ್ಚರ್ಯವಿಲ್ಲ.

ಗೋಡೆಗೆ ಮೂತಿ ಮಾಡಿ ನಿಲ್ಲಿಸಿ. ಮುಂದಿನ ಚಕ್ರ ಪೂರ್ತಿ ಒಂದು ಕಡೆ ತಿರುಗಿಸಿಡಿ. ಗೇರ್‌ನಲ್ಲಿ ಹಾಕಿ. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಅದನ್ನು ಹಿಂದೆ ಅಡ್ಡ ನಿಲ್ಲಿಸಿ. ಬಹಳ ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟೆ ಕೊಡಿ.

ಇನ್ನು ಬಿಟ್ಟಿ ಸೆಕ್ಯುರಿಟಿ: ಎದುರು ಮನೆ ಆಂಟಿ, ಇಸ್ತ್ರಿ ಅಂಗಡಿಯವರು, ಅಪಾರ್ಟ್‌ಮೆಂಟ್ ವಾಚ್‌ಮನ್. ಅವರಿಗೆ ನಿಮ್ಮ ನಂಬರ್ ಕೊಡಿ. "ಈ ಕಾರನ್ನು ನಾನಿಲ್ಲದೆ ಯಾರೂ ಗ್ಯಾರೇಜ್‌ಗೆ ಒಯ್ಯಲ್ಲ, ಯಾರಾದ್ರೂ ಮುಟ್ಟಿದ್ರೆ ನಂಗೊಂದು ಫೋನ್ ಮಾಡಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಬೀಗ ಹಾಕಿದ ಕಟ್ಟಡದೊಳಗಿದೆ ಎಂಬ ನೆಮ್ಮದಿಯನ್ನೂ ನೆಚ್ಚಬೇಡಿ. 'ಗೋಲ್ಡ್‌ಫಿಂಗರ್' ಸಿನಿಮಾದ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್ ಡಿಬಿ5 ಕಾರು 1997ರಲ್ಲಿ ಕಳುವಾದದ್ದು ಫ್ಲಾರಿಡಾದ ಬೊಕಾ ರೇಟನ್ ವಿಮಾನ ನಿಲ್ದಾಣದ ಹ್ಯಾಂಗರ್‌ನೊಳಗಿನಿಂದ.

7. ಕವರ್ ಹಾಕಿ, ಆದರೆ ಸಪ್ಪೆಯದು

ಬ್ರ್ಯಾಂಡ್ ಹೆಸರು, ಕಾರಿನ ಚಿತ್ರ ಇರುವ ಕವರ್ ಬೇಡ. ಬೂದು ಬಣ್ಣದ ಸಾದಾ ಕವರ್ ಸಾಕು. ಒಳಗೆ ಏನಿದೆ ಎಂದು ತಿಳಿಯಲು ಅದನ್ನು ಬಿಚ್ಚಬೇಕು, ಬಿಚ್ಚಲು ಟೈಮ್ ಬೇಕು. ಮಲೆನಾಡು, ಕರಾವಳಿಯವರು ಗಾಳಿಯಾಡುವ ಬಟ್ಟೆಯದ್ದೇ ಕೊಳ್ಳಿ. ಪ್ಲಾಸ್ಟಿಕ್ ಕವರ್ ಒಳಗಿನ ತೇವ ಕಳ್ಳನಿಗಿಂತ ವೇಗವಾಗಿ ಕಾರು ತಿನ್ನುತ್ತದೆ.

8. ಜಿಪಿಎಸ್ ಟ್ರ್ಯಾಕರ್ ಹಾಕಿ, ಸಿಮ್ ರೀಚಾರ್ಜ್ ಮಾಡಿ

ಎರಡನೇ ಭಾಗವನ್ನೇ ಜನ ಮರೆಯುವುದು. ಟ್ರ್ಯಾಕರ್ ಒಳಗೆ ಒಂದು ಸಿಮ್ ಇದೆ. ಅದರ ವ್ಯಾಲಿಡಿಟಿ ಮುಗಿದ ದಿನ ಅದು ಬರೀ ಪ್ಲಾಸ್ಟಿಕ್ ಡಬ್ಬಿ. ಫೋನ್‌ನಲ್ಲಿ ರಿಮೈಂಡರ್ ಇಡಿ, ಈಗಲೇ.

ಸ್ವಂತ ಬ್ಯಾಟರಿ ಇರುವ ಮಾಡೆಲ್ ಆರಿಸಿ. ಇಲ್ಲದಿದ್ದರೆ ಕಟ್-ಆಫ್ ತಿರುಗಿಸಿದ ಕೂಡಲೇ ನಿಮ್ಮ ಟ್ರ್ಯಾಕರ್ ಕೂಡ ಸಾಯುತ್ತದೆ. ಕಾರು ಅಲುಗಾಡಿದರೆ ಮೆಸೇಜ್ ಕಳಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಏರ್‌ಟ್ಯಾಗ್ ಥರದ ಟ್ಯಾಗ್ ಅಗ್ಗ, ಆದರೆ ಅದೊಂದನ್ನೇ ನಂಬಬೇಡಿ. ಗೊತ್ತಿಲ್ಲದ ಟ್ಯಾಗ್ ತನ್ನ ಜತೆ ಸುತ್ತುತ್ತಿದೆ ಎಂದು ಕಳ್ಳನ ಫೋನ್‌ಗೇ ಅದು ಎಚ್ಚರಿಕೆ ಕೊಡಬಹುದು. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಬಚ್ಚಿಡಿ. ಒಂದು ಸಿಕ್ಕವನು ಹುಡುಕುವುದನ್ನು ನಿಲ್ಲಿಸುತ್ತಾನೆ.

9. ಗ್ಯಾರೇಜ್‌ನಲ್ಲಿರುವಾಗ ಹೆಚ್ಚು ಎಚ್ಚರವಾಗಿರಿ

ರೆಸ್ಟೊರೇಷನ್‌ಗೆ ಬಿಟ್ಟ ಕಾರು ಶೆಡ್‌ನಲ್ಲಿ ತಿಂಗಳುಗಟ್ಟಲೆ ಬಿಚ್ಚಿಕೊಂಡು ಬಿದ್ದಿರುತ್ತದೆ. ಯಾವ ಡಬ್ಬದಲ್ಲಿ ಯಾರ ಕಾರಿನ ಕ್ಲಿಪ್ ಇದೆ ಎಂದು ಅಲ್ಲಿನವರಿಗೇ ನೆನಪಿರುವುದಿಲ್ಲ. ಕಾರು ಬಿಡುವ ದಿನವೇ ಪ್ರತಿ ಭಾಗದ ಫೋಟೊ ತೆಗೆಯಿರಿ. ಗ್ರಿಲ್, ಬ್ಯಾಡ್ಜ್, ವೀಲ್ ಕಪ್, ಮೀಟರ್, ರೇಡಿಯೊ ಬಿಚ್ಚಿಸಿ ಮನೆಗೆ ತನ್ನಿ. ಅಟ್ಟದ ಮೇಲೆ ಜಾಗ ಮಾಡಿ. ಉಳಿದದ್ದಕ್ಕೆ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿ. "ನಂಬಿಕೆ ಇಲ್ವಾ ಸಾರ್?" ಎಂದು ಕೇಳುತ್ತಾರೆ. "ನಂಬಿಕೆ ಇದೆ, ಮರೆವೂ ಇದೆ" ಎಂದು ನಗುತ್ತಾ ಪೆನ್ ಕೊಡಿ. ವಾರಕ್ಕೊಮ್ಮೆ ಹೇಳದೆ ಕೇಳದೆ ಹೋಗಿ ನಿಂತುಕೊಳ್ಳಿ. ಇದರಿಂದ ಕೆಲಸವೂ ಬೇಗ ಮುಗಿಯುತ್ತದೆ.

10. ರೀಲ್ ಹಾಕಿ, ಮನೆ ಗೇಟ್ ತೋರಿಸಬೇಡಿ

ಭಾನುವಾರ ಬೆಳಗ್ಗೆ ನಂದಿಬೆಟ್ಟದ ರೋಡ್‌ನಲ್ಲಿ ಫೋಟೊ ತೆಗೆಸಿಕೊಳ್ಳಿ, ಯಾರು ಬೇಡ ಅಂತಾರೆ? ಮನೆಗೆ ಬಂದ ಮೇಲೆ ಪೋಸ್ಟ್ ಮಾಡಿ. ಹಿನ್ನೆಲೆಯಲ್ಲಿ ಮನೆ, ಬೀದಿಯ ಬೋರ್ಡ್, ಗೇಟ್ ಬರದಿರಲಿ. "ಮೂರು ವಾರ ಊರಲ್ಲಿಲ್ಲ" ಎಂಬ ಸ್ಟೇಟಸ್ ಅಂತೂ ಬೇಡವೇ ಬೇಡ.

ಮಾರಾಟಕ್ಕಿಟ್ಟಾಗ ಅಪಾಯ ಇನ್ನೂ ಹತ್ತಿರ ಬರುತ್ತದೆ. ಚೆನ್ನಾಗಿ ಡ್ರೆಸ್ ಮಾಡಿದವನೊಬ್ಬ ಬರುತ್ತಾನೆ, ಕಾರ್ಬ್ಯುರೇಟರ್ ಬಗ್ಗೆ ಜ್ಞಾನಿಯಂತೆ ಮಾತಾಡುತ್ತಾನೆ, ಒಂದು ರೌಂಡ್ ಕೇಳುತ್ತಾನೆ. ಮೊದಲು ಡ್ರೈವಿಂಗ್ ಲೈಸೆನ್ಸ್ ಕೇಳಿ, ಫೋಟೊ ತೆಗೆದು ಮನೆಯವರಿಗೆ ಕಳಿಸಿ. ನೀವು ಪಕ್ಕದ ಸೀಟಿನಲ್ಲೇ ಕೂರಿ. ಸೀಟ್ ಬದಲಾಯಿಸಿಕೊಳ್ಳಲು ಇಳಿಯುವಾಗ ಎಂಜಿನ್ ಆಫ್ ಮಾಡಿ, ಕೀಲಿ ಕೈಯಲ್ಲಿ ಹಿಡಿದು ಇಳಿಯಿರಿ. ನಿಜವಾದ ಗಿರಾಕಿಗೆ ಇದರಿಂದ ಬೇಜಾರಾಗುವುದಿಲ್ಲ, ಅವನೂ ನಾಳೆ ಇದೇ ಕಾರಿನ ಮಾಲೀಕ.

11. ಕಾಗದ ಗಟ್ಟಿ ಮಾಡಿ

ಬೋರಿಂಗ್ ಅನ್ನಿಸುತ್ತದೆ, ಗೊತ್ತು. ಆದರೆ ಸಿಕ್ಕ ಕಾರು ನಿಮ್ಮದೇ ಎಂದು ಸಾಬೀತು ಮಾಡುವುದು ಕಾಗದವೇ. ಆರ್‌ಸಿ ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲೇ ಇದೆಯಾ? ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ನಾಳೆ ರಜೆ ಹಾಕಿ ಆರ್‌ಟಿಒಗೆ ಹೋಗಿ. ಖಾಸಗಿ ಕಾರಿನ ನೋಂದಣಿ ಇರುವುದು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅದು ಚಾಲ್ತಿಯಲ್ಲಿದೆಯಾ ನೋಡಿ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರಿಗೆ 2021ರ ಕೇಂದ್ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರ್‌ನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಆ ನಂಬರ್ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಆಫೀಸಿಗೆ ಅದರಲ್ಲೇ ಹೋಗುವವರು ಯೋಚಿಸಿ.

ಚಾಸಿ ನಂಬರ್ ಮತ್ತು ಎಂಜಿನ್ ನಂಬರ್‌ನ ಸ್ಪಷ್ಟ ಫೋಟೊ ತೆಗೆದಿಡಿ. ಆರ್‌ಟಿಒದವರು ಕೇಳುವ ಹಾಗೆ ಪೆನ್ಸಿಲ್ ಪ್ರಿಂಟ್ ಕೂಡ ತೆಗೆದಿಡಿ. ಬಾಗಿಲಿನ ಪ್ಯಾಡ್ ಒಳಗೆ, ಸೀಟಿನ ಕೆಳಗೆ ನಿಮಗೆ ಮಾತ್ರ ಗೊತ್ತಿರುವ ಗುರುತು ಮಾಡಿ ಫೋಟೊ ಇಟ್ಟುಕೊಳ್ಳಿ. ಹೊಸ ಬಣ್ಣ ಹೊಡೆದವನು ಅಲ್ಲಿಯವರೆಗೆ ಹೋಗುವುದಿಲ್ಲ.

ಒರಿಜಿನಲ್ ಆರ್‌ಸಿ ಡ್ಯಾಶ್‌ಬೋರ್ಡ್‌ನಲ್ಲಿ ಇಡಬೇಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಪ್ರತಿ ಪೊಲೀಸರಿಗೆ ತೋರಿಸಲು ಸಾಕು. ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕಾರಿನಲ್ಲೇ ಬಿಡುವ ಹಳೇ ಚಾಳಿ ಕೆಲವರಿಗಿದೆ. ಅದು ಕಾರಿನ ಜತೆ ಮಾಲೀಕತ್ವವನ್ನೂ ದಾನ ಕೊಟ್ಟ ಹಾಗೆ.

12. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಳ್ಳತನಕ್ಕೆ ಒಂದು ರೂಪಾಯಿ ಕೊಡುವುದಿಲ್ಲ

ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಹಳೇ ಕಾರಿನವರು ಹಣ ಉಳಿಸಲು ಥರ್ಡ್ ಪಾರ್ಟಿ ಮಾತ್ರ ಮಾಡಿಸುತ್ತಾರೆ. ಅದು ನಿಮ್ಮಿಂದ ಬೇರೆಯವರಿಗಾದ ಹಾನಿಗೆ. ನಿಮ್ಮ ಕಾರು ಹೋದರೆ ಅದರಲ್ಲಿ ಏನೂ ಇಲ್ಲ. ಕಾಂಪ್ರಹೆನ್ಸಿವ್ ಪಾಲಿಸಿ ಬೇಕು.

ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ಕಳುವಾದರೆ ಸಿಗುವ ಮೊತ್ತ, ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳುವ ಅಂಕಿ. ಮಾತಾಡಿ! ಸುಮ್ಮನಿದ್ದರೆ ಗುಜರಿ ಬೆಲೆ ಬರೆಯುತ್ತಾರೆ. ಪೇಂಟ್, ಎಂಜಿನ್ ಕೆಲಸದ ಬಿಲ್, ಮೊದಲಿನ ಮತ್ತು ಈಗಿನ ಫೋಟೊ, ಸರ್ವೇಯರ್ ಕೊಟ್ಟ ವ್ಯಾಲ್ಯುಯೇಷನ್ ಮುಂದಿಟ್ಟು ಕೇಳಿ. ಒಂದು ಕಂಪನಿ ಒಪ್ಪದಿದ್ದರೆ ಇನ್ನೊಂದರ ಬಾಗಿಲು ತಟ್ಟಿ. ಎರಡೂ ಕೀಲಿ ಜೋಪಾನವಾಗಿರಲಿ, ಕ್ಲೇಮ್ ಸಮಯದಲ್ಲಿ ಎರಡನ್ನೂ ಕೇಳುತ್ತಾರೆ. ಟೀ ಕುಡಿಯಲು ಇಳಿದಾಗ ಕೀಲಿ ಕಾರಿನಲ್ಲೇ ಬಿಟ್ಟಿದ್ದರೆ ಕ್ಲೇಮ್‌ಗೆ ಅಲ್ಲೇ ತಕರಾರು ಶುರು.

13. ಹೋಗಿಯೇ ಬಿಟ್ಟಿತಾ? ತಲೆ ಮೇಲೆ ಕೈ ಹೊತ್ತು ಕೂರಬೇಡಿ, ಮೊದಲ ಒಂದು ಗಂಟೆ ನಿಮ್ಮದು

ಟ್ರಾಫಿಕ್ ಪೊಲೀಸರು ಎತ್ತಿಕೊಂಡು ಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ 112ಕ್ಕೆ ಫೋನ್ ಮಾಡಿ. ಟ್ರ್ಯಾಕರ್ ಜಾಗ ತೋರಿಸುತ್ತಿದ್ದರೆ ಹೀರೊ ಆಗಲು ಒಬ್ಬರೇ ಹೋಗಬೇಡಿ, ಲೊಕೇಶನ್ ಪೊಲೀಸರಿಗೆ ಕೊಡಿ. ಠಾಣೆಗೆ ಹೋಗುವಾಗ ಫೋಟೊ, ಚಾಸಿ ನಂಬರ್, ಗುಟ್ಟಿನ ಗುರುತುಗಳ ಪಟ್ಟಿ ಕೈಯಲ್ಲಿರಲಿ. ಎಫ್‌ಐಆರ್ ಆಗಲೇಬೇಕು, ಬರೀ ಅರ್ಜಿ ಕೊಟ್ಟು ರಸೀದಿ ತಗೊಂಡು ಬರಬೇಡಿ. ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಆರ್‌ಟಿಒಗೂ ತಿಳಿಸಿ.

ಹಳೇ ಕಾರು ಗುಂಪಿನಲ್ಲಿ ಕಳೆದುಹೋಗುವುದಿಲ್ಲ, ಇದು ನಿಮ್ಮ ಪ್ಲಸ್ ಪಾಯಿಂಟ್. ಬಿಳಿ ಸ್ವಿಫ್ಟ್ ಸಾವಿರ ಇವೆ, ಹಸಿರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಷ್ಟಿವೆ? ಕ್ಲಾಸಿಕ್ ಕಾರ್ ಕ್ಲಬ್‌ಗಳ ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆ ಫೋಟೊ ಕಳಿಸಿ. ಆ ಮಾಡೆಲ್ ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಬೆರಳೆಣಿಕೆಯಷ್ಟೇ ಇರುತ್ತಾರೆ, ಪ್ರತಿಯೊಬ್ಬರಿಗೂ ಫೋನ್ ಮಾಡಿ. ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಸ್ಪೇರ್ ಅಂಗಡಿಗಳಲ್ಲಿ ವಿಷಯ ಹರಡಿ. ಆನ್‌ಲೈನ್ ಮಾರಾಟದ ಜಾಹೀರಾತುಗಳನ್ನು ದಿನಾ ನೋಡಿ, ಇಡೀ ಕಾರಿಗಷ್ಟೇ ಅಲ್ಲ, ಅದರ ಬಿಡಿಭಾಗಕ್ಕೂ. ಹಾಗೆಯೇ ನೀವು ಭಾಗ ಕೊಳ್ಳುವಾಗಲೂ ಎಲ್ಲಿಂದ ಬಂತು ಎಂದು ಕೇಳಿ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕ ಗ್ರಿಲ್ ಇನ್ನೊಬ್ಬರ ಕಾರಿನ ಮೂಗು. ಕದ್ದ ಮಾಲು ಎಂದು ತಿಳಿದೂ ಕೊಳ್ಳುವುದು ಅಪರಾಧ.

ಪೊಲೀಸರಿಗೆ ಪತ್ತೆಯಾಗದಿದ್ದರೆ ಕೋರ್ಟ್‌ಗೆ 'ಸಿ ರಿಪೋರ್ಟ್' ಹಾಕುತ್ತಾರೆ. ಕ್ಲೇಮ್ ಹಣಕ್ಕೆ ಅದರ ಪ್ರತಿ ಬೇಕು, ಬೆನ್ನು ಹತ್ತಿ ಪಡೆಯಿರಿ. ಹಣ ಬಂದ ಮೇಲೂ ಫೈಲ್ ಎಸೆಯಬೇಡಿ. 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಓಡಿದ ಕ್ವೆಂಟಿನ್ ಟ್ಯಾರಂಟಿನೊ ಅವರ 1964ರ ಷೆವ್ರೊಲೆ ಷೆವೆಲ್ ಮಾಲಿಬು 1994ರಲ್ಲಿ ಕಳುವಾಗಿ, ಸಿಕ್ಕಿದ್ದು 2013ರಲ್ಲಿ. ಅದನ್ನು ಇಟ್ಟುಕೊಂಡಿದ್ದವರಿಗೆ ಅದು ಕದ್ದ ಕಾರು ಎಂದೇ ಗೊತ್ತಿರಲಿಲ್ಲ. ನಿಮ್ಮ ಕಾರು ಹೀಗೆ ತಡವಾಗಿ ಸಿಕ್ಕರೆ ಇನ್ಶೂರೆನ್ಸ್ ಕಂಪನಿ ಅದರ ಮೇಲೆ ಹಕ್ಕು ಹೇಳುತ್ತದೆ, ಏಕೆಂದರೆ ಅವರು ಹಣ ಕೊಟ್ಟಾಗಿದೆ. ವಾಪಸ್ ಬೇಕಿದ್ದರೆ ಅವರ ಜತೆ ಕೂತು ರೇಟ್ ಮಾತಾಡಬೇಕಾಗುತ್ತದೆ. ಅದಕ್ಕೆ ಪಾಲಿಸಿ ನಂಬರ್, ಎಫ್‌ಐಆರ್ ಪ್ರತಿ ಮತ್ತು ಆ ಪೆನ್ಸಿಲ್ ಪ್ರಿಂಟ್ ಮೂರೂ ಒಂದೇ ಫೈಲ್‌ನಲ್ಲಿರಲಿ.